ಅಳೇ ಪೈಪಿನ ಶಾಸಕರು

ನಮ್ಮ ಶಾಸಕ ಮಾಯಣ್ಣನವರು ಗೆದ್ದು ನಾಲ್ಕು ವರ್ಷವಾದರೂ ಸದನದಲ್ಲಿ ಒಂದು ಮಾತೂ ಆಡಿರಲಿಲ್ಲ. ಮೇಜು ಕುಟ್ಟುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಇಟ್ಟಿಗೆ, ಜಲ್ಲಿ ವ್ಯಾಪಾರದಿಂದ ಮೇಲೆ ಬಂದವರು. ವೈಯಾಲಿಕಾವಲ್‌ನಲ್ಲಿ ಯಾರ ಮನೆಯ ಮದುವೆ, ನಾಮಕರಣ, ತಿಥಿಯೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ತಿಥಿಯೂಟದಲ್ಲಿ ಎರಡನೇ ಸಲ ವಡೆ ಹಾಕಿಸಿಕೊಳ್ಳುವ ಜನಪ್ರತಿನಿಧಿಯನ್ನು ನಾನು ಬೇರೆ ಕಂಡಿಲ್ಲ.

ಸದನದಲ್ಲಿ ಬಾಯಿ ಬಿಡದಿರಲು ಕಾರಣ ಹಕಾರ. ಅದು ಅವರ ನಾಲಿಗೆಗೆ ಒಲಿದಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಣ ಅಣವಾಗುತ್ತಿತ್ತು. ಎಲ್ಲರೂ ನಕ್ಕುಬಿಟ್ಟರೆ ಎಂದು ಅವರಿಗೆ ಭಯ. ನನಗೋ ಅವರ ಮೇಲೆ ಸಿಟ್ಟು. ತೊಂಬತ್ತೆಂಟರಲ್ಲಿ ನಮ್ಮ ಬೀದಿಯ ನಲ್ಲಿಗಳಲ್ಲಿ ಕಾಫಿ ಬಣ್ಣದ ನೀರು ಬರುತ್ತಿತ್ತು, ಪಕ್ಕದ ಬೀದಿಯಿಂದ ಕೊಡ ಹೊರುತ್ತಿದ್ದವನು ನಾನು.

ಕೊನೆಗೆ ಗೋದಾ ಮಿಸ್ ಮಾಯಣ್ಣನವರನ್ನು ತಮ್ಮ ಮನೆಗೆ ಕರೆಸಿದರು. ಮಾಯಣ್ಣನಿಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿಸಿದವರು ಇವರೇ. ಬೀದಿಯ ಅರ್ಧ ಜನ ಅವರ ಶಿಷ್ಯರು. ಅವರ ವೋಟು ಎತ್ತಲೋ ಬೀದಿಯೂ ಅತ್ತಲೇ.

"ಈ ಅಧಿವೇಶನದಲ್ಲಿ ಎದ್ದು ಪೈಪಿನ ವಿಷ್ಯ ಮಾತಾಡು. ಇಲ್ದಿದ್ರೆ ಮುಂದಿನ ವರ್ಷ ನನ್ನ ವೋಟಿಲ್ಲ."

"ಬಾಯಿ ತಿರುಗಲ್ಲ, ಮಿಸ್."

"ತಿರುಗಿಸ್ತೀನಿ. ಹಲ್ಲಿ ಅನ್ನು."

"ಅಲ್ಲಿ."

"ಅಲ್ಲಿ ಅಂದ್ರೆ ಎಲ್ಲೋ?"

"ಗೋಡೆ ಮೇಲೆ, ಮಿಸ್."

ವಾರವಿಡೀ ಜಗಲಿಯಲ್ಲಿ ಇದೇ ಪಾಠ. ಎದುರು ಮನೆಯಲ್ಲಿ ಕೂತು ಕೇಳುತ್ತಿದ್ದ ನನಗೆ ಐವತ್ತು ದಾಟಿದ ಆ ಮನುಷ್ಯನನ್ನು ನೋಡಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು.

ಸದನದಲ್ಲಿ ಮಾಯಣ್ಣ ಎದ್ದೇ ಎದ್ದರಂತೆ. "ವೈಯಾಲಿಕಾವಲ್‌ನಾಗೆ ಅಳೇ ಪೈಪ್ ತೆಗೀಬೇಕು" ಎಂದು ಒಂದೇ ಉಸಿರಿಗೆ ಹೇಳಿ ಕೂತರು. ಹಳೇ ಹೋಗಿ ಅಳೇ ಆಗಿತ್ತು. ಅದು ಕಡತದಿಂದ ಕಡತಕ್ಕೆ ಹೋಗುತ್ತಾ "ಪೈಪನ್ನು ಅಳೆಯತಕ್ಕದ್ದು" ಎಂಬ ಆದೇಶವಾಯಿತು.

ಇಂಜಿನಿಯರ್ ವೀರಭದ್ರಯ್ಯ ಟೇಪು ಹಿಡಿದು ಎಂಟು ಜನರೊಂದಿಗೆ ಬಂದರು. ಅಳೆಯಬೇಕಾದರೆ ಪೈಪು ಕಾಣಬೇಕಲ್ಲ, ಇಡೀ ಬೀದಿ ಅಗೆಸಿದರು. ಗುದ್ದಲಿ ತಾಗಿದಲ್ಲೆಲ್ಲ ತುಕ್ಕು ಹಿಡಿದ ಪೈಪು ಹಪ್ಪಳದಂತೆ ಪುಡಿಯಾಯಿತು. ಇದ್ದ ಕಾಫಿ ನೀರೂ ನಿಂತಿತು. ಒಂಬತ್ತು ದಿನ ಬೀದಿಯವರೆಲ್ಲ ಮಾಯಣ್ಣನಿಗೆ ಹಿಡಿಶಾಪ ಹಾಕಿದೆವು. ನನ್ನದು ಸ್ವಲ್ಪ ಜೋರಾಗಿಯೇ ಇತ್ತು. ಅವರು ನಾಮಕರಣಗಳಿಗೂ ಬರುವುದನ್ನು ಬಿಟ್ಟರು.

ವೀರಭದ್ರಯ್ಯನವರು ಪ್ರಾಮಾಣಿಕರು. "ಅಳೆಯಲು ಪೈಪು ಉಳಿದಿರುವುದಿಲ್ಲ" ಎಂದು ವರದಿ ಬರೆದರು. ಇಲ್ಲದ ಪೈಪನ್ನು ಅಳೆಯುವ ದಾರಿ ಯಾರಿಗೂ ತೋಚದೆ, ಬೀದಿಯುದ್ದಕ್ಕೂ ಹೊಸ ಪೈಪು ಹಾಕಿಸಿದರು.

ನೀರು ಬಂದ ಬೆಳಿಗ್ಗೆ ಮಾಯಣ್ಣ ತಲೆ ತಗ್ಗಿಸಿಕೊಂಡು ಗೋದಾ ಮಿಸ್ ಜಗಲಿಗೆ ಬಂದರು.

"ಮತ್ತೆ ತಪ್ಪು ಏಳ್ಬಿಟ್ಟೆ, ಮಿಸ್. ವೋಟು ಕೇಳಕ್ಕೆ ಮುಖ ಇಲ್ಲ."

ಮಿಸ್ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಕುಡಿದರು. ಮೂವತ್ನಾಲ್ಕು ವರ್ಷ ಮಕ್ಕಳ ಉಚ್ಚಾರ ತಿದ್ದಿದ ಆ ಬಾಯಿಂದ ಸ್ಪಷ್ಟವಾಗಿ ಬಂತು:

"ಒಸ ನೀರು ಚೆನ್ನಾಗಿದೆ ಕಣೋ."

"ಹೊಸ, ಮಿಸ್!" ಎಂದು ಮಾಯಣ್ಣ ಗಾಬರಿಯಿಂದ ತಿದ್ದಿದರು.

ಎದುರಿಗೆ ನಲ್ಲಿಯಿಂದ ಕೊಡ ಎತ್ತುತ್ತಿದ್ದ ನನ್ನ ಕೈ ಹಾಗೇ ನಿಂತಿತು. ತನ್ನ ಬಾಯಿಂದ ಏನು ಬಂತೆಂದು ಮಾಯಣ್ಣನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಹೋಗು, ನನ್ನ ವೋಟು ನಿಂಗೇ" ಎಂದರು ಗೋದಾ ಮಿಸ್.