ಒಂದು ನಂಬರ್ ದೊಡ್ಡ ಶೂ

ಹಂಪಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತ, ಬಂದವರಿಗೆ ದಾರಿ ತೋರಿಸುತ್ತ ಹೊಟ್ಟೆ ಹೊರೆದವನು ನಾನು. ಮೊಣಕಾಲು ಈಗೀಗ ನನ್ನ ಮಾತು ಕೇಳುವುದಿಲ್ಲ. ಆದರೂ ಹೊಸಪೇಟೆಯ ಕಾಲೇಜೊಂದರ ಪಿ.ಟಿ. ಮೇಷ್ಟ್ರು ಕರೆದರೆಂದು ಮತ್ತೊಮ್ಮೆ ಮಕ್ಕಳ ಗುಂಪು ಕಟ್ಟಿಕೊಂಡು ಸಂಡೂರಿನ ಬೆಟ್ಟಕ್ಕೆ ಹೊರಟೆ.

ಮೇಷ್ಟ್ರು ವರ್ಷವರ್ಷ ಇಡುವ ಚಾಲೆಂಜಿನ ನಿಯಮ ಸರಳ. ತುದಿ ಮುಟ್ಟಿ, ಕತ್ತಲಾಗುವ ಮೊದಲು ಸ್ವಂತ ಕಾಲ ಮೇಲೆ ಇಳಿದು ಬರಬೇಕು. ಯಾರಾದರೂ ಹೊತ್ತು ತಂದರೆ ಔಟ್. ಪೂರ್ತಿ ಮಾಡಿದವರಿಗೆ ಹಿಮಾಲಯದ ಕ್ಯಾಂಪು. ಗುಂಪಿನಲ್ಲಿ ಕಂಪ್ಲಿ ಕಡೆಯ ಹುಡುಗಿಯೊಬ್ಬಳಿದ್ದಳು, ಡಿಗ್ರಿಯ ಕೊನೇ ವರ್ಷದವಳು. ಮನೆಯವರನ್ನು ಕಾಡಿ ಬೇಡಿ ಒಪ್ಪಿಸುವಷ್ಟರಲ್ಲಿ ಹಿಂದಿನ ವರ್ಷಗಳು ಕಳೆದುಹೋಗಿದ್ದವು. ಅವಳಿಗೆ ಉಳಿದದ್ದು ಇದೊಂದೇ ಸಲ.

ಮಕ್ಕಳನ್ನು ಬೆಟ್ಟ ಹತ್ತಿಸುವವರಿಗೆ ಒಂದು ಮಾತು: ತುದಿಯನ್ನು ಯಾವತ್ತೂ ತೋರಿಸಬೇಡಿ. ವ್ಯಾಪಾರದಂತೆ ಸ್ವಲ್ಪ ಸ್ವಲ್ಪವೇ ಕೇಳಿ.

"ಆ ಗಿಡದ ತನಕ ಬರ್ರಿ, ಆಮ್ಯಾಲೆ ನೋಡೂಣು," ಎನ್ನುತ್ತಿದ್ದೆ. ಗಿಡ ಬಂದರೆ ಬಂಡೆ, ಬಂಡೆ ದಾಟಿದರೆ ತಿರುವು.

"ಅಣ್ಣಾರ, ಮುಂಜಾನಿಂದ ಇದನ್ನ ಹೇಳಾಕತ್ತೀರಿ! ನೀವು ಸಂತ್ಯಾಗ ಕುಂದ್ರಬೇಕಿತ್ರಿ," ಎಂದು ಒಬ್ಬ ಹುಡುಗ ಗೊಣಗಿದ.

"ಕುಂತು ಸಾಕಾಗಿ ಇಲ್ಲಿಗೆ ಬಂದೀನಲೇ. ನಡಿ."

ತುದಿಯಲ್ಲಿ ಅವರು ಕೂಗಿ ಫೋಟೋ ತೆಗೆದುಕೊಂಡರು. ನಾನು ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದೆ.

ಇಳಿಯುವಾಗ ಆ ಹುಡುಗಿ ಹಿಂದೆ ಬಿದ್ದಳು. ಕೂರಿಸಿ ಶೂ ಬಿಚ್ಚಿಸಿದರೆ, ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ರಕ್ತ ಜಿನುಗುತ್ತಿತ್ತು. ಹೊಚ್ಚಹೊಸ ಶೂ, ಮುಂದುಗಡೆ ಹತ್ತಿ ತುರುಕಿತ್ತು.

"ಭಾಳ ದಿನ ಬರ್ಲಿ ಅಂತ ನಮ್ಮಪ್ಪ ಒಂದು ನಂಬರ್ ದೊಡ್ಡದು ತಂದಾನ್ರಿ."

ನನ್ನ ಮಕ್ಕಳಿಗೂ ನಾನು ಕೊಳ್ಳುವುದು ಹಾಗೆಯೇ. ಬಾಳಿಕೆ ನೋಡುತ್ತೇವೆ, ಅಳತೆ ನೋಡುವುದಿಲ್ಲ. ಸಪಾಟು ರಸ್ತೆಯಲ್ಲಿ ಅದು ನಡೆಯುತ್ತದೆ. ಇಳಿಜಾರಿನಲ್ಲಿ ಪಾದ ಮುಂದೆ ಜಾರಿ, ಬೆರಳು ಪ್ರತಿ ಹೆಜ್ಜೆಗೂ ಗುದ್ದಿಸಿಕೊಳ್ಳುತ್ತದೆ.

"ಹೊತ್ಕೊಂಡು ಹೋಗ್ತೀವಿ ಬಿಡಕ್ಕಾ, ಇಲ್ಲಿ ಯಾರು ನೋಡ್ತಾರ?" ಎಂದರು ಹುಡುಗರು.

"ಮುಟ್ಟಿದ್ರ ನೋಡ್ರಿ ಮತ್ತ!" ಎಂದು ಅವಳು ಗದರಿದಳು.

ಹೊತ್ತು ಇಳಿಯುತ್ತಿತ್ತು. ನನಗೂ ಸಾಕಾಗಿತ್ತು. "ಬಿಟ್ಟುಬಿಡು ತಂಗಿ, ಕ್ಯಾಂಪಿಗಿಂತ ಕಾಲು ದೊಡ್ಡದು," ಎಂದೆ.

ಅವಳು ಕೆಳಗೆ ನೋಡಿದಳು. "ಆ ಬಂಡೆ ತನಕ ಬಿಡ್ರಿ ಅಣ್ಣಾರ. ಆಮ್ಯಾಲೆ ನೋಡೂಣು."

ನನ್ನ ಸರಕನ್ನೇ ನನಗೆ ಮಾರುತ್ತಿದ್ದಳು. ಟವೆಲ್ ಹರಿದು ಎರಡೂ ಪಾದಕ್ಕೆ ಸುತ್ತಿ, ಶೂ ಬಿಗಿಯಾಗಿ ಕಟ್ಟಿಸಿದೆ. ಬಂಡೆ ಬಂತು, ಆಮೇಲೆ ಇನ್ನೊಂದು ಕೇಳಿದಳು. ಕೊನೆಯ ಕಡಿದಾದ ಇಳಿಜಾರಿನ ತುಂಬ ಅದಿರಿನ ಸಣ್ಣ ಕಲ್ಲು, ನಿಂತರೆ ಜಾರುತ್ತದೆ. ಅಲ್ಲಿ ಮಾತ್ರ ಕುಳಿತು ತೆವಳುತ್ತ ಇಳಿದಳು, ಅದಿರಿನ ಧೂಳಿಗೆ ಬಟ್ಟೆಯೆಲ್ಲ ಕೆಂಪಾಯಿತು. ಬುಡಕ್ಕೆ ಬಂದು ಎದ್ದು, ಬಸ್ಸಿನ ಪಕ್ಕ ನಿಂತಿದ್ದ ಮೇಷ್ಟ್ರ ತನಕ ನಡೆದಳು.

ಮೇಷ್ಟ್ರು ಕೆಳಗಿನಿಂದಲೇ ಎಲ್ಲ ನೋಡಿದ್ದರು. "ಕುಂತು ಇಳಿದ್ಯಲ್ಲವಾ? ಸ್ವಂತ ಕಾಲ ಮ್ಯಾಲ ಅಂದಿದ್ದೆ ನಾನು."

ಚೌಕಾಸಿಗೆ ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ಯಾರೂ ಹೊತ್ತಿಲ್ರಿ ಸರ್. ಅದೊಂದು ಇಳಿಜಾರು ತಾನೇ? ಹತ್ತಿ ಹೋಗಿ, ನಡಕೊಂಡು ಇಳಿದು ಬರ್ತೀನಿ."

ಹೇಳಿದವಳೇ ತಿರುಗಿ ಹೊರಟೇಬಿಟ್ಟಳು. ಅವಳು ಹತ್ತಿದರೆ ಹಿಂದೆ ಹತ್ತಬೇಕಾದವನು ನಾನು.

"ಏ ಯವ್ವಾ, ನಿಂದ್ರು!" ಮೇಷ್ಟ್ರು ಓಡಿ ಅಡ್ಡ ನಿಂತರು. "ಕ್ಯಾಂಪಿಗೆ ಹೋಗ್ತಿ ನೀನು, ಆತಾ? ಮೊದ್ಲು ಬಸ್ ಹತ್ತು."

ಅವಳು ಹುಡುಗರ ಹೆಗಲಿಗೆ ಕೈ ಹಾಕಿ, ನಗುತ್ತ ಹತ್ತಿದಳು. ಬಸ್ಸಿನ ಮೆಟ್ಟಿಲು ಹತ್ತಲು ಅವಳಿಗಿಂತ ನನಗೇ ಹೆಚ್ಚು ಹೊತ್ತು ಹಿಡಿಯಿತು.