ಗ್ಲೌಸಿಗೆ ಹಚ್ಚಿದ ಮುಲಾಮು

ಡಾಕ್ಟರು ಕೇಳಿದ ಒಂದು ಪ್ರಶ್ನೆಗೆ ನಾನು ಹೌದು ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ತಮ್ಮನ ಎಡಗಣ್ಣಿಗೆ ಸುಣ್ಣವೋ ಸಿಮೆಂಟೋ ಯಾವುದಾದರೂ ಔಷಧವೋ ಬಿದ್ದಿದೆಯೇ ಎಂದು ಅವರು ಕೇಳಿದ್ದರು. ಏನು ಬಿದ್ದಿದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬೀಳುವ ಹಾಗೆ ಮಾಡಿದವನೂ ನಾನೇ. ಆದರೂ ಇಲ್ಲ ಎಂದೆ. ಒಮ್ಮೆ ಇಲ್ಲ ಎಂದ ಮೇಲೆ ಅದನ್ನೇ ಒಂಬತ್ತು ವರ್ಷ ಎಳೆದುಕೊಂಡು ಬಂದೆ.

ಇಷ್ಟಕ್ಕೆಲ್ಲ ಕಾರಣ ಬಾಕ್ಸಿಂಗ್. ನಾನು ಬಾಕ್ಸಿಂಗ್ ಆಡಿದವನಲ್ಲ. ಆರನೇ ಕ್ಲಾಸಿನಲ್ಲಿ ಮಾಸ್ಟ್ರು ಕೆನ್ನೆಗೆ ಒಂದು ಕೊಟ್ಟರು, ಮರುದಿನದಿಂದ ನಾನು ಶಾಲೆಗೇ ಹೋಗಲಿಲ್ಲ. ಪೆಟ್ಟು ತಿಂದು ನಿಂತುಕೊಳ್ಳುವ ವಿದ್ಯೆಯಲ್ಲಿ ನನ್ನ ಸಾಧನೆ ಅಷ್ಟೇ. ಹಾಗಿದ್ದೂ ಎಂಬತ್ತರ ದಶಕದ ಮಧ್ಯದಲ್ಲಿ, ಮಸ್ಕತಿನ ಬೌಷರ್ ಕಡೆ ಇದ್ದ ನಮ್ಮ ಕಂಪನಿಯ ಕ್ಯಾಂಪಿನಲ್ಲಿ, ಬಾಕ್ಸಿಂಗಿನ ದೊಡ್ಡ ಪಂಡಿತನೆಂದರೆ ನಾನು.

ಈ ಪಾಂಡಿತ್ಯ ಬಂದದ್ದು ನಮ್ಮ ಮೆಸ್ಸಿನ ಅಡುಗೆಯವರಿಂದ. ಅವರು ಮಂಗಳೂರಿನ ಕ್ರಿಸ್ತಾನರು, ಅರ್ಧ ಆಯುಷ್ಯ ಹಡಗಿನಲ್ಲಿ ಅಡುಗೆ ಮಾಡಿ ಬಂದವರು. ಊರಲ್ಲಿ ಹಿರಿಯ ಕ್ರಿಸ್ತಾನರನ್ನು ಕರೆಯುವಂತೆ ನಾವೂ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆವು. ಯಾವುದೋ ಬಂದರಿನಲ್ಲಿ ಕೊಂಡ, ಬೆನ್ನು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಅವರ ಪೆಟ್ಟಿಗೆಯಲ್ಲಿತ್ತು. ಇಪ್ಪತ್ತನೇ ಶತಮಾನ ಶುರುವಾದ ಹೊಸತರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಹೊಡೆದಾಡಿದ ಬಾಕ್ಸರುಗಳ ಕತೆ ಅದು, ತುಂಬ ಫೋಟೊಗಳಿದ್ದವು. ಶುಕ್ರವಾರ ಊಟವಾದ ಮೇಲೆ ಅವರು ಓದಿ ಕನ್ನಡದಲ್ಲಿ ಹೇಳುವರು, ನಾವು ಕೇಳುವುದು.

ಆ ಕಾಲದಲ್ಲಿ ಇಪ್ಪತ್ತು, ಇಪ್ಪತ್ತೈದು ರೌಂಡು ಹೊಡೆದಾಟವಂತೆ. ಅಷ್ಟು ಹೊತ್ತು ನ್ಯಾಯವಾಗಿ ಹೊಡೆದಾಡಲು ಹೆಚ್ಚಿನವರಿಗೆ ತಾಳ್ಮೆಯಿರಲಿಲ್ಲವೆಂದು ಕಾಣುತ್ತದೆ. ಒಬ್ಬರನ್ನೊಬ್ಬರು ಅಪ್ಪಿ ಹಿಡಿದಾಗ ಹೆಬ್ಬೆರಳನ್ನು ಎದುರಾಳಿಯ ಕಣ್ಣಿಗೆ ಒತ್ತುವುದು. ಗ್ಲೌಸಿನ ಲೇಸು ಕಟ್ಟಿದ ಬದಿಯನ್ನು ರೆಪ್ಪೆಯ ಮೇಲೆ ಉಜ್ಜುವುದು. ಸ್ನಾಯುನೋವಿಗೆ ತಿಕ್ಕುವ ಖಾರದ ಎಣ್ಣೆಯನ್ನು ಗ್ಲೌಸಿಗೇ ಬಳಿದು ಹೋಗುವುದು. ಒಂದು ಕಣ್ಣು ಪೂರ್ತಿ ಹೋದ ಬಾಕ್ಸರನೊಬ್ಬ ಡಾಕ್ಟರರ ಬೋರ್ಡಿನ ಅಕ್ಷರಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಪಾಸಾಗಿ ಮತ್ತೆ ಹೊಡೆದಾಡಿದನಂತೆ. ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ. ಅಧ್ಯಾಯದ ಕೊನೆಯಲ್ಲಿ ಆ ಬಾಕ್ಸರುಗಳು ಮುದುಕರಾಗಿ, ಕುರುಡರಾಗಿ, ಬೇರೆಯವರ ಕೈ ಹಿಡಿದು ರಸ್ತೆ ದಾಟುವ ಕತೆಯೂ ಇರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಚಹಾ ಇಡಲು ಎದ್ದುಹೋಗುತ್ತಿದ್ದೆ. ನನ್ನ ಶಿಕ್ಷಣ ಎಲ್ಲ ಕಡೆಯೂ ಅರ್ಧಕ್ಕೇ ನಿಂತದ್ದು.

ಊರಿಗೆ ಹೊರಟ ಒಬ್ಬ ಎಂಜಿನಿಯರು ಕ್ಯಾಂಪಿಗೆ ಎರಡು ಜೊತೆ ಗ್ಲೌಸು ಬಿಟ್ಟುಹೋಗಿದ್ದರು. ಕೆಂಪು ಜೊತೆಯಲ್ಲಿ ಇನ್ನೂ ಹತ್ತಿಯಿತ್ತು. ಕಪ್ಪು ಜೊತೆ ಹಳೆ ತಲೆದಿಂಬಿನಂತೆ ಚಪ್ಪಟೆಯಾಗಿತ್ತು, ಅದರಿಂದ ಹೊಡೆದರೆ ಹೊಡೆದವನಿಗೂ ನೋವು. ಹಾಗಾಗಿ ಪಠಾಣ ಫೋರ್ಮನ್ ಒಂದು ನಿಯಮ ಮಾಡಿದ್ದ: ಒಟ್ಟು ನಾಲ್ಕು ರೌಂಡು, ಎರಡು ರೌಂಡಾದ ಕೂಡಲೇ ಇಬ್ಬರೂ ಗ್ಲೌಸು ಅದಲುಬದಲು ಮಾಡಿಕೊಳ್ಳಬೇಕು. ಈ ನಿಯಮ ಕ್ಯಾಂಪಿನ ನಾಯಿಗೂ ಗೊತ್ತಿತ್ತು.

ನನ್ನ ತಮ್ಮನಿಗೆ ಆಗ ಇಪ್ಪತ್ತೆರಡು. ಊರಲ್ಲಿ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತು ಬೆಳೆಸಿದ ಭುಜ. ಅವನನ್ನು ಕರೆಸಿಕೊಂಡವನು ನಾನು. ನಾನು ಸ್ಟೋರಿನಲ್ಲಿ ಸ್ಪ್ಯಾನರ್, ಹೆಲ್ಮೆಟ್ ಎತ್ತಿಕೊಡುವ ಕೆಲಸದವನು, ಅವನು ನೀರಿನ ಟ್ಯಾಂಕರಿನ ಹೆಲ್ಪರ್. ದೊಡ್ಡ ಗಾಡಿಯ ಲೈಸೆನ್ಸ್ ತೆಗೆದರೆ ಟ್ಯಾಂಕರು ಅವನ ಕೈಗೇ ಕೊಡುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು. ಅವನು ಹಗಲಿಡೀ ಅದೇ ಧ್ಯಾನದಲ್ಲಿದ್ದ, ಊಟಕ್ಕೆ ಕೂತಾಗಲೂ ತಟ್ಟೆಯನ್ನು ಸ್ಟೇರಿಂಗಿನ ಹಾಗೆ ತಿರುಗಿಸುತ್ತಿದ್ದ. ಬಾಕ್ಸಿಂಗಿನ ಹುಚ್ಚು ಅವನಿಗಿರಲಿಲ್ಲ, ನನಗಿತ್ತು. ನಾನು ಅವನನ್ನು ಕಣಕ್ಕೆ ಇಳಿಸಿದೆ.

"ಅಣ್ಣ, ನೀನು ಇದೆಲ್ಲ ಕಲ್ತದ್ದು ಯಾವಾಗ?" ಎಂದು ಅವನು ಒಮ್ಮೆ ಕೇಳಿದ.

"ಕಲೀಲಿಕ್ಕೆ ಎಂತ ಉಂಟು ಮಾರಾಯ? ತಲೆ ಬೇಕು, ಅಷ್ಟೆ" ಎಂದೆ.

ಎದುರಾಳಿ ಕೇರಳದ ಒಬ್ಬ ಬಡಗಿ, ಪಕ್ಕದ ಮೆಸ್ಸಿನವನು. ಮೂವತ್ತು ದಾಟಿದ, ಯಾರ ತಂಟೆಗೂ ಹೋಗದ ಮನುಷ್ಯ. ಗೆದ್ದ ಮೆಸ್ಸಿನವರು ಒಂದು ತಿಂಗಳು ಶುಕ್ರವಾರದ ವೀಡಿಯೊ ಕ್ಯಾಸೆಟ್ ಆರಿಸಬಹುದು ಎಂಬ ಪಂದ್ಯ. ಕನ್ನಡ ಸಿನಿಮಾ ನೋಡದೆ ಎಂಟು ತಿಂಗಳಾಗಿತ್ತು. ಒಬ್ಬನ ಕಣ್ಣಿಗೆ ಕುತ್ತು ತರಲು ನನಗೆ ಇಷ್ಟು ಕಾರಣ ಸಾಕಾಯಿತು.

ಹೊಡೆದಾಟದ ಶುಕ್ರವಾರ ಚೀಟಿ ಎತ್ತಿದಾಗ ತಮ್ಮನಿಗೆ ಮೊದಲು ಕೆಂಪು ಗ್ಲೌಸು ಬಂತು. ಅವನು ನೀರು ಕುಡಿಯಲು ಹೋದಾಗ ನಾನು ಜೇಬಿನಿಂದ ತಲೆನೋವಿನ ಮುಲಾಮು ತೆಗೆದು ಎರಡೂ ಗ್ಲೌಸಿನ ಮುಂಭಾಗಕ್ಕೆ ದಪ್ಪಕ್ಕೆ ಬಳಿದೆ. ವಾಸನೆಯ ಭಯವಿರಲಿಲ್ಲ. ಆ ಕ್ಯಾಂಪಿನಲ್ಲಿ ಎಲ್ಲರ ಮೈಯೂ ಮುಲಾಮಿನದೇ ವಾಸನೆ. ಕೈಗೆ ಮೆತ್ತಿದ್ದನ್ನು ಹೆಗಲ ಮೇಲಿದ್ದ ಟವೆಲಿಗೆ ಒರೆಸಿಕೊಂಡೆ. ಎರಡನೇ ರೌಂಡಿನೊಳಗೆ ಬಡಗಿ ಕಣ್ಣು ಮುಚ್ಚಿ ಕೂರುತ್ತಾನೆ, ಗ್ಲೌಸು ಬದಲಿಸುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ನನ್ನ ಲೆಕ್ಕ.

ಬಡಗಿ ಆ ಲೆಕ್ಕ ಕೇಳಿರಲಿಲ್ಲ. ಫೋರ್ಮನ್ "ಯಲ್ಲಾ, ಶುರು" ಎಂದ ಕೂಡಲೇ ಅವನು ತಲೆ ತಗ್ಗಿಸಿ, ಗಲ್ಲವನ್ನು ಎದೆಗೆ ಒತ್ತಿ, ಎರಡು ರೌಂಡು ಹಾಗೆಯೇ ಸುತ್ತಿದ. ತಮ್ಮನ ಪೆಟ್ಟೆಲ್ಲ ಅವನ ಭುಜಕ್ಕೆ, ಕಿವಿಗೆ ಬಿದ್ದವು. ಮುಲಾಮಿನಿಂದ ಅವನ ಭುಜದ ನೋವು ಸ್ವಲ್ಪ ಕಡಿಮೆಯಾಗಿರಬಹುದು, ಬೇರೆ ಪರಿಣಾಮ ಕಾಣಲಿಲ್ಲ. ಎರಡನೇ ರೌಂಡು ಮುಗಿದು ಫೋರ್ಮನ್ ತಟ್ಟೆ ಬಡಿದ. ಟವೆಲು ಹಿಡಿದು ಕೆಂಪು ಗ್ಲೌಸು ಒರೆಸಲು ಹೋದೆ. ಗ್ಲೌಸಿಗೆ ಯಾರೂ ಕೈ ಹಾಕಬಾರದು ಎಂದು ಫೋರ್ಮನ್ ನನ್ನನ್ನು ತಳ್ಳಿ, ತಾನೇ ಬಿಚ್ಚಿ ಬಡಗಿಯ ಕೈಗೆ ಕಟ್ಟಿದ. ಅಲ್ಲಿಯೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಚಿಕೆಯಾಯಿತು. ಮಾನ ಉಳಿಸಿಕೊಂಡೆ ಎಂದುಕೊಂಡೆ.

ಮೂರನೇ ರೌಂಡಿನಲ್ಲಿ ಇಬ್ಬರೂ ಒಮ್ಮೆ ಅಪ್ಪಿಕೊಂಡು ತಿರುಗಿದರು. ಬಿಡಿಸಿಕೊಳ್ಳುವಾಗ ಬಡಗಿಯ ಬಲಗೈ ಗ್ಲೌಸು ತಮ್ಮನ ಎಡಗಣ್ಣಿನ ಮೇಲೆ ಉಜ್ಜಿಕೊಂಡು ಹೋಯಿತು. ಹೆಬ್ಬೆರಳು ತಾಗಿತೋ, ಲೇಸು ತಾಗಿತೋ ಗೊತ್ತಿಲ್ಲ. ತಮ್ಮ ಕಣ್ಣು ಹಿಡಿದುಕೊಂಡು ನನ್ನ ಮೂಲೆಗೆ ಬಂದ.

"ಕಣ್ಣು ಉರೀತದೆ ಅಣ್ಣ. ಬಿಡ್ಲಿಕ್ಕೆ ಆಗುದಿಲ್ಲ."

"ಬೆವರು ಮಾರಾಯ. ಬೇರೆಂತ ಅಲ್ಲ" ಎಂದು ನಾನು ಅವನ ಕಣ್ಣನ್ನು ಒರೆಸಿದೆ. ಅದೇ ಟವೆಲಿನಿಂದ ಒರೆಸಿದೆ. ಆಮೇಲೆ ಅವನು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಫೋರ್ಮನ್ "ಖಲಾಸ್" ಎಂದು ಕೈ ಎತ್ತಿದ. ಕೆಡಿಸಿದ್ದು ಗ್ಲೌಸೋ ಟವೆಲೋ ನನಗೆ ಇಂದಿಗೂ ತಿಳಿಯದು. ಎರಡೂ ನನ್ನದೇ ಆದ್ದರಿಂದ ಬೇರೆಯವರ ಜೊತೆ ಜಗಳವಾಡುವ ಅಗತ್ಯವಿಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಹಿಂದಿಯಲ್ಲಿ ಕೇಳಿದ ಪ್ರಶ್ನೆ ಆಗಲೇ ಹೇಳಿದೆ. ತಮ್ಮನ ಹಿಂದಿ ಕಚ್ಚಾ ಇದ್ದುದರಿಂದ ಉತ್ತರ ಕೊಡುವವನು ನಾನು. ಏನೂ ಬಿದ್ದಿಲ್ಲ, ಎದುರಾಳಿ ಬೆರಳು ಹಾಕಿದ ಎಂದೆ. ಅವರು ಕಣ್ಣಿಗೆ ಬಿಡುವ ಔಷಧ ಕೊಟ್ಟು ಕಳುಹಿಸಿದರು. ನಾಲ್ಕನೇ ದಿನ ಕಣ್ಣು ಕೀವು ಕಟ್ಟಿ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು, ಗೀರಿದ ಗಾಯದ ಮೇಲೆ ಏನೋ ಉರಿಯುವಂಥದ್ದು ಬಿದ್ದಿದೆ, ಆ ಹೊತ್ತಿಗೇ ನೀರಿನಲ್ಲಿ ಚೆನ್ನಾಗಿ ತೊಳೆದು ಸರಿಯಾದ ಔಷಧ ಹಾಕಿದ್ದರೆ ಕಣ್ಣು ಉಳಿಯುತ್ತಿತ್ತೇನೋ ಎಂದರು. ಕಪ್ಪು ಗುಡ್ಡೆಯ ಮೇಲೆ ಬಿಳಿ ಕಲೆ ನಿಂತಿತು. ಅದರಾಚೆ ಅವನಿಗೆ ಬೆಳಕು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ.

ಇಷ್ಟಕ್ಕೇ ನಾನು ಸುಮ್ಮನಾದೆನೇ? ಲೈಸೆನ್ಸಿನ ಕಣ್ಣಿನ ಪರೀಕ್ಷೆ ಬಂದಾಗ ಪುಸ್ತಕದ ಇನ್ನೊಂದು ಉಪಾಯ ನೆನಪಾಯಿತು. ಯಾರದೋ ಜೊತೆ ಹೋದವನಂತೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತು, ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ನನ್ನ ಆರನೇ ಕ್ಲಾಸಿನ ವಿದ್ಯೆಯಲ್ಲಿ ಸಾಲುಸಾಲಾಗಿ ಉರುಹೊಡೆದು ಬಂದು ತಮ್ಮನಿಗೆ ಕಲಿಸಿದೆ. ಅವನಿಗೆ ಇಷ್ಟವಿರಲಿಲ್ಲ, ಆದರೆ ಟ್ಯಾಂಕರಿನ ಆಸೆ ದೊಡ್ಡದಿತ್ತು. ಪರೀಕ್ಷೆಯ ದಿನ ಗೋಡೆಯಲ್ಲಿ ಬೇರೆ ಬೋರ್ಡು. ಬಲಗಣ್ಣು ಮುಚ್ಚಿಸಿದ ಕೂಡಲೇ ತಮ್ಮ ನಾನು ಕಲಿಸಿದ ನಾಲ್ಕೂ ಸಾಲುಗಳನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದ. ಪರೀಕ್ಷೆ ಮಾಡುವವರು ನಕ್ಕರು. ಅವನೂ ನಗಲು ನೋಡಿದ.

ಟ್ಯಾಂಕರು ಯಾರಿಗೆ ಸಿಕ್ಕಿತು ಗೊತ್ತೇ? ನನಗೆ. ತಮ್ಮನಿಗೆ ಆಗದಿದ್ದರೆ ಅಣ್ಣ ಕಲಿಯಲಿ ಎಂದು ಸಾಹೇಬರು ಕನಿಕರ ತೋರಿಸಿದರು. ಎರಡು ಒಳ್ಳೆಯ ಕಣ್ಣಿದ್ದ ನಾನು ಮೂರನೇ ಸಲಕ್ಕೆ ಪಾಸಾದೆ. ಮುಂದೆ ಆ ಕಂಪನಿಯ ಕೆಲಸ ಮುಗಿದು, ನಿಜ್ವಾ ಊರಿನ ಒಬ್ಬ ಕಫೀಲ್, ಅಂದರೆ ವೀಸಾ ಕೊಡುವ ಅರಬಿ ಧಣಿಯ ಬಳಿ ಇಬ್ಬರೂ ಸೇರಿದಾಗಲೂ ನಾನು ಡ್ರೈವರ್, ಅವನು ಹೆಲ್ಪರ್. ಇಲ್ಲಿ ಡ್ರೈವರ್ ಕೂರುವುದು ಎಡಗಡೆ. ತಮ್ಮ ಬಲಗಡೆ ಕೂತರೆ ನನ್ನ ಕಡೆಗಿರುವುದು ಅವನ ಕಾಣದ ಕಣ್ಣು. ಅವನು ತಿರುಗಿ ಕೂರದ ಹೊರತು ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಇದರಿಂದ ನನಗೆ ಎಷ್ಟು ನೆಮ್ಮದಿಯಿತ್ತೆಂದರೆ, ಅದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತೊಂಬತ್ತರ ದಶಕದ ಒಂದು ಬೆಳಿಗ್ಗೆ, ಖರ್ಜೂರದ ತೋಟದ ಪಕ್ಕ ಕಟ್ಟುತ್ತಿದ್ದ ಮನೆಯೊಂದಕ್ಕೆ ನೀರು ತುಂಬಿಸಲು ಹೋದೆವು. ಪಂಪು ಶುರು ಮಾಡಿ ನಿಂತಿದ್ದಾಗ ಬಾಗಿಲು ಕೂರಿಸುತ್ತಿದ್ದ ಒಬ್ಬ ಕೆಲಸ ಬಿಟ್ಟು ತಮ್ಮನ ಬಳಿ ಬಂದ. ಕೂದಲಿಗೆ ಮರದ ಹುಡಿ ಮೆತ್ತಿತ್ತು. ಅದೇ ಬಡಗಿ. ಆ ಶುಕ್ರವಾರದ ಮೇಲೆ ಕ್ಯಾಂಪಿನಲ್ಲಿ ಅವನೊಡನೆ ಯಾರೂ ಸರಿಯಾಗಿ ಮಾತಾಡಿರಲಿಲ್ಲ, ಕೆಲವು ತಿಂಗಳಲ್ಲಿ ಬೇರೆ ಕಡೆ ಹೋಗಿದ್ದ.

ಅವನು ತಮ್ಮನ ಎರಡೂ ಕೈ ಹಿಡಿದುಕೊಂಡು ಕ್ಯಾಂಪಿನ ಹಿಂದಿಯಲ್ಲಿ, ಪಂಪಿನ ಸದ್ದು ಮೀರಿಸುವಂತೆ ಗಟ್ಟಿಯಾಗಿ ಹೇಳಿದ. ತಾನು ಬೇಕೆಂದು ಮಾಡಿದ್ದಲ್ಲ, ಬೆರಳು ಹೇಗೆ ಹೋಯಿತೋ ತನಗೇ ತಿಳಿಯಲಿಲ್ಲ, ಮಾಫ್ ಮಾಡು ಎಂದ. ಕ್ಯಾಂಪಿನಲ್ಲಿ ಜೊತೆಯಲ್ಲಿದ್ದವರು ಅವನ ಊರಿಗೂ ಸುದ್ದಿ ಮುಟ್ಟಿಸಿದ್ದರು. ಕಣ್ಣು ಕಿತ್ತವನು ಎಂದು ಅಲ್ಲಿ ಈಗಲೂ ತಮಾಷೆ ಮಾಡುತ್ತಾರಂತೆ. ಅಂದಿನಿಂದ ಬಲಗೈ ಹೆಬ್ಬೆರಳಿನ ಉಗುರನ್ನು ಬೆಳೆಯಲು ಬಿಟ್ಟಿಲ್ಲ ಎಂದು ತೋರಿಸಿದ. ಮಾಂಸದವರೆಗೂ ಕತ್ತರಿಸಿದ ಉಗುರು. ಗ್ಲೌಸಿನೊಳಗಿನ ಉಗುರು ಯಾರಿಗೂ ತಾಗದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಇರ್ಲಿ ಚೇಟಾ, ಆಟದಲ್ಲಿ ಆಗ್ತದೆ" ಎಂದು ತಮ್ಮ ಅವನ ಬೆನ್ನು ತಟ್ಟಿದ.

ನಿಜ ಹೇಳಬೇಕೆಂದರೆ ಮೊದಲು ನನಗೆ ಖುಷಿಯೇ ಆಯಿತು. ನಾನು ಕೇಳಬೇಕಿದ್ದ ಕ್ಷಮೆಯನ್ನು ಬೇರೊಬ್ಬ ಕೇಳಿಯಾಯಿತು, ಕೊಡಬೇಕಾದವನು ಕೊಟ್ಟೂ ಆಯಿತು, ನನ್ನ ಕೆಲಸವೇ ಉಳಿಯಲಿಲ್ಲ. ಗಾಡಿ ಹತ್ತಲು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೆ. ಬಡಗಿ ಕಣ್ಣು ಒರೆಸಿಕೊಂಡು ನನ್ನ ಕಡೆಗೂ ಬಂದ. ನೀವು ಅಣ್ಣ, ನಿಮ್ಮ ಹತ್ತಿರವೂ ಕೇಳಬೇಕು ಎಂದು ಬಗ್ಗಿ ನನ್ನ ಕಾಲಿಗೆ ಕೈ ಚಾಚಿದ.

ನಾನು ಕಾಲು ಹಿಂದೆಳೆದುಕೊಂಡೆ. ಬಾಯಿಂದ ಮಾತು ಹೊರಟಿತು. ಪೂರ್ತಿ ಹೇಳಿದೆ, ಆದರೆ ಪಂಪಿನ ಸದ್ದಿನಲ್ಲಿ ಇಬ್ಬರಿಗೂ ಒಂದಕ್ಷರ ಕೇಳಿಸಲಿಲ್ಲ. ತಮ್ಮ ಕಿವಿಗೆ ಕೈ ಇಟ್ಟು, ಎಂತ ಎಂದು ಸನ್ನೆ ಮಾಡಿದ. ಏನಿಲ್ಲ ಎಂದು ಕೈಯಾಡಿಸಿದ್ದರೆ ಮುಗಿಯುತ್ತಿತ್ತು. ಕೈ ಅರ್ಧ ಎತ್ತಿಯೂ ಇದ್ದೆ. ಆ ಕೈಯಿಂದಲೇ ಪಂಪು ನಿಲ್ಲಿಸಿದೆ. ಟ್ಯಾಂಕರ್ ಸುತ್ತಿ, ತಮ್ಮನ ಬಲಗಣ್ಣಿಗೆ ಕಾಣುವ ಕಡೆ ಹೋಗಿ ನಿಂತೆ. ಮೊದಲು ಬಡಗಿಗೆ ಹಿಂದಿಯಲ್ಲಿ ಹೇಳಿದೆ. ಆಮೇಲೆ ತಮ್ಮನಿಗೆ ಹೇಳಿದೆ.

"ಅವನದ್ದು ಏನೂ ತಪ್ಪಿಲ್ಲ. ಗ್ಲೌಸಿಗೆ ಮುಲಾಮು ಹಚ್ಚಿದ್ದು ನಾನು. ಅದೇ ಟವೆಲಲ್ಲಿ ನಿನ್ನ ಕಣ್ಣು ಒರೆಸಿದ್ದು ನಾನು. ಡಾಕ್ಟ್ರು ಕೇಳಿದಾಗ ಏನೂ ಬಿದ್ದಿಲ್ಲ ಅಂತ ಹೇಳಿದ್ದೂ ನಾನೇ. ನಿನ್ನ ಕಣ್ಣು ಹೋದದ್ದು ನನ್ನಿಂದ. ನನ್ನದು ತಪ್ಪಾಯ್ತು ತಮ್ಮಾ, ಕ್ಷಮಿಸು."