ಅಪ್ಪನ ಮಾತಿಗೆ ಕಾವಲು

ಆ ಪುಟ್ಟ ರೇಡಿಯೋ ಸ್ಟೇಷನ್ನಿನಲ್ಲಿ ಅವಳನ್ನು ಎಲ್ಲರೂ ತಂತಿ ಅಕ್ಕ ಎಂದೇ ಕರೆಯುತ್ತಿದ್ದರು. ಮೈಕಿನಿಂದ ಹಿಡಿದು ಮಾಳಿಗೆಯ ಮೇಲಿನ ಟವರಿನವರೆಗೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಮಾತಿನಲ್ಲೂ ಅಕ್ಕ ಹಿಂದೆ ಬಿದ್ದವಳಲ್ಲ. ಕೆಟ್ಟ ಯಂತ್ರವನ್ನು ಬೈದು ಬೈದೇ ಅರ್ಧ ರಿಪೇರಿ ಮಾಡಿಬಿಡುತ್ತಾಳೆ ಎಂದು ಸ್ಟೇಷನ್ನಿನ ನಿರೂಪಕ ಗೇಲಿ ಮಾಡುತ್ತಿದ್ದ.

ಸ್ಟೇಷನ್ನಿಗೊಂದು ಹಳೆಯ ಕಾಯಿಲೆಯಿತ್ತು. ನೇರ ಪ್ರಸಾರದ ನಡುವೆ ಇದ್ದಕ್ಕಿದ್ದಂತೆ ಸದ್ದು ನಿಂತುಹೋಗುತ್ತಿತ್ತು. ಕೈಕೊಟ್ಟಿದ್ದು ಮೈಕೋ, ಮಿಕ್ಸರೋ, ಕಂಪ್ಯೂಟರೋ ಎಂದು ತಡಕಾಡುವಷ್ಟರಲ್ಲಿ ಕೇಳುಗರು ಬೇರೆ ಸ್ಟೇಷನ್ನಿಗೆ ಹಾರಿರುತ್ತಿದ್ದರು. ಹಾಗಾಗಿ ನಿರೂಪಕ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಸದ್ದು ನಿಂತಿತೋ, ಹಿಂದೆಮುಂದೆ ನೋಡದೆ ಹಾಡಿನ ಬಟನ್ ಒತ್ತಿಬಿಡುವುದು. ಒಮ್ಮೆ ಹಾಡು ಶುರುವಾದರೆ ಅತಿಥಿಯ ಮಾತು ಅಲ್ಲಿಗೆ ಮುಗಿದಂತೆಯೇ.

ಇದಕ್ಕೊಂದು ಮದ್ದು ಬೇಕೆಂದು ಅಕ್ಕ ‘ನಾಡಿ’ಯನ್ನು ತಂದಳು. ಅದೊಂದು ತಪಾಸಣೆಯ ಪ್ರೋಗ್ರಾಂ. ಹೆಸರು ಅವಳೇ ಇಟ್ಟಿದ್ದು. ಪ್ರತಿ ಯಂತ್ರದ ನಾಡಿ ಹಿಡಿದು ನೋಡಿ, ಸದ್ದು ಎಲ್ಲಿ ನಿಂತಿತು ಎಂದು ನಿರೂಪಕನ ಪರದೆಯ ಮೇಲೆ ಒಂದೇ ಸಾಲಿನಲ್ಲಿ ಹೇಳುತ್ತಿತ್ತು. ಆದರೆ ಅದನ್ನು ನಡೆಸಲು ಕೆಳಗಿನ ಕೋಣೆಯ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕಿತ್ತು, ಆ ಪರದೆ ಮುಚ್ಚಿದರೆ ನಾಡಿಯೂ ನಿಲ್ಲುತ್ತಿತ್ತು. ಇಮೇಲ್ ನೋಡಲು ಬಂದ ಪುಣ್ಯಾತ್ಮರೆಲ್ಲ ತಪ್ಪದೆ ಮುಚ್ಚಿಯೇ ಹೋಗುತ್ತಿದ್ದರು! ಆದ್ದರಿಂದ ನೇರ ಪ್ರಸಾರವಿದ್ದಾಗಲೆಲ್ಲ ಅಕ್ಕ ಅದರ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದಳು, ಹಾಲು ಉಕ್ಕೀತೆಂದು ಒಲೆಯ ಮುಂದೆ ನಿಂತವಳ ಹಾಗೆ.

ಈ ಭಾನುವಾರ ಮಾತ್ರ ಅಲ್ಲಿ ಕೂರುವಂತಿರಲಿಲ್ಲ. ಅತಿಥಿ ಅವಳ ಅಪ್ಪ. ಬದುಕಿಡೀ ಬಸ್ ಕಂಡಕ್ಟರ್ ಆಗಿದ್ದ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತೇ ಬಿದ್ದುಹೋಗಿತ್ತು. ಈಗ ಮರಳಿತ್ತು, ಆದರೂ ಆಗಾಗ ತುಟಿಯಷ್ಟೇ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ.

“ನೀನು ಪಕ್ಕದಲ್ಲಿ ಕೂತ್ರೆ ಮಾತಾಡ್ತೀನಿ. ಇಲ್ಲಾಂದ್ರೆ ನಾನು ಬರೋದೇ ಇಲ್ಲ ಕಣಮ್ಮ,” ಎಂದಿದ್ದರು ಅಪ್ಪ.

ಗಾಜಿನಾಚೆ ಕೂತ ನಿರೂಪಕನಿಗೆ ಎಷ್ಟೇ ಹೇಳಿಟ್ಟರೂ, ತುಟಿ ಅಲ್ಲಾಡುವುದು ಕಂಡು ಸದ್ದು ಕೇಳದಿದ್ದರೆ ಯಂತ್ರ ಕೆಟ್ಟಿದೆಯೆಂದೇ ಅನಿಸುತ್ತದೆ. ಬಟನ್ ಒತ್ತಿಬಿಡುತ್ತಾನೆ. ಒಂದೊಂದೇ ಮಾತನ್ನು ಹೆಕ್ಕಿ ತಂದ ಅಪ್ಪನ ಬಾಯನ್ನು ಎಲ್ಲರೂ ಕೇಳುತ್ತಿರುವಾಗಲೇ ಮುಚ್ಚಿಸಿದಂತಾಗುತ್ತದೆ. ಆಮೇಲೆ ಅವರು ಮತ್ತೆ ಬಾಯಿ ಬಿಟ್ಟಾರೆಯೇ?

ಶನಿವಾರ ಅಕ್ಕ ಪಟ್ಟು ಹಿಡಿದು ಕೂತಳು. ನಾಡಿಗೆ ಇನ್ನು ಕಪ್ಪು ಪರದೆಯ ಹಂಗೇ ಬೇಡ, ಕಂಪ್ಯೂಟರೇ ತೆರೆಮರೆಯಲ್ಲಿ ಅದನ್ನು ನಡೆಸಿಕೊಂಡು ಹೋಗಲಿ ಎಂದು ನಾಲ್ಕು ಸಾಲು ಬರೆದಿಟ್ಟಳು. ‘ಸ್ಟಾರ್ಟ್’ ಎಂದು ಆಜ್ಞೆ ಕೊಟ್ಟಳು. ‘ಸ್ಟೇಟಸ್’ ಕೇಳಿದರೆ ಹಸಿರು ಚುಕ್ಕಿ! ಪರದೆ ಮುಚ್ಚಿ, ಲಾಗೌಟ್ ಆಗಿ, ಪಕ್ಕದ ಕಂಪ್ಯೂಟರಿನಿಂದ ಮತ್ತೆ ಕೇಳಿದಳು. ಆಗಲೂ ಹಸಿರು! ಖುಷಿಗೆ ಕುರ್ಚಿಯಲ್ಲೇ ಗರಗರ ಒಂದು ಸುತ್ತು ಸುತ್ತಿದಳು.

ಭಾನುವಾರ ಬೆಳಿಗ್ಗೆ ಅಪ್ಪನ ಕೈಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ನಿರೂಪಕ ಎದುರಾದ. ಮುಖದಲ್ಲಿ ಏನೋ ಸಾಧಿಸಿದ ಕಳೆ.

“ಅಕ್ಕ, ಎಲ್ಲಾ ಯಂತ್ರನೂ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ದೀನಿ. ದೊಡ್ಡೋರು ಬರ್ತಿದ್ದಾರೆ, ಯಾವ ರಗಳೆನೂ ಬೇಡ ಅಂತ.”

ಅಕ್ಕನಿಗೆ ಏಕೋ ಸಂಶಯ. ಅಪ್ಪನನ್ನೂ ಕರೆದುಕೊಂಡು ಕೆಳಗಿನ ಕೋಣೆಗೆ ಹೋಗಿ ಸ್ಟೇಟಸ್ ಕೇಳಿದಳು. ಹಸಿರೂ ಇಲ್ಲ, ಹಳದಿಯೂ ಇಲ್ಲ. ನಾಡಿ ನಿಂತಿತ್ತು.

“ಅಯ್ಯೋ, ನನ್ನ ಬುದ್ಧಿಗಿಷ್ಟು!” ಎಂದು ಹಣೆ ಚಚ್ಚಿಕೊಂಡಳು.

“ಏನಾಯ್ತಮ್ಮ?”

“ಅಪ್ಪ, ನಿನ್ನೆ ಬಸ್ಸು ಓಡಿಸ್ದೆ ಅಷ್ಟೆ. ದಿನಾ ಹೊರಡೋ ಬಸ್ಸುಗಳ ಜೊತೆ ಸೇರಿಸೋದನ್ನೇ ಮರೆತುಬಿಟ್ಟೆ. ಬೆಳಿಗ್ಗೆ ಡಿಪೋ ಬಾಗಿಲು ತೆಗೆದ್ರೂ ನನ್ನ ಬಸ್ಸು ಒಳಗೇ ನಿಂತಿದೆ!”

“ಸೇ... ಸೇರಿಸು ಮತ್ತೆ. ನನ್ ಮುಖ ಏನ್ ನೋಡ್ತೀಯ?”

ಅವಳಿಗೆ ನಗು ಬಂತು. ‘ಎನೇಬಲ್’ ಎಂಬ ಆಜ್ಞೆ ಕೊಟ್ಟಳು. ಕಂಪ್ಯೂಟರ್ ಎದ್ದಾಗಲೆಲ್ಲ ನಾಡಿಯನ್ನೂ ಎಬ್ಬಿಸು ಎಂದು ಹೇಳುವುದು ಇದೇ. ನಿನ್ನೆ ಬಿಟ್ಟಿದ್ದೂ ಇದನ್ನೇ. ಆದರೆ ನಂಬುವುದು ಹೇಗೆ? ಮೇಲಿನಿಂದ ನಿರೂಪಕ, “ಅಕ್ಕ, ಟೈಮಾಯ್ತು!” ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೂ ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದಳು. ಅದು ಏಳುವವರೆಗೆ ಅಪ್ಪ, ಮಗಳು ಇಬ್ಬರೂ ಪರದೆಯನ್ನೇ ನೋಡುತ್ತ ನಿಂತರು. ಸ್ಟೇಟಸ್ ಕೇಳಿದಳು. ಯಾರೂ ಸ್ಟಾರ್ಟ್ ಎನ್ನದೆಯೇ ಹಸಿರು ಚುಕ್ಕಿ ಮೂಡಿತ್ತು!

“ಬನ್ನಿ ಅಪ್ಪ, ಬನ್ನಿ!”

ಸ್ಟುಡಿಯೋದಲ್ಲಿ ಅಪ್ಪ ನಿಧಾನವಾಗಿ ಶುರುಮಾಡಿದರು. ಮೊದಲ ದಿನದ ಡ್ಯೂಟಿ, ಕಿಕ್ಕಿರಿದ ಬಸ್ಸು, ಗಂಟುಮೂಟೆ ಹೊತ್ತು ಕೊನೆಗೆ ಹತ್ತಿದ ಒಬ್ಬ ಅಜ್ಜಿ. ಅಕ್ಕ ಅವರ ಕೈ ಹಿಡಿದು ಕೂತಿದ್ದಳು.

“ಅಜ್ಜಿ ಕೂತ್ಕೊಂಡ್ರಾ ಅಂತ ನೋಡಿ, ನಾನು ಡ್ರೈವರ್‌ಗೆ ಕೂಗಿದೆ...”

ಅಷ್ಟೇ. ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ಅಪ್ಪನ ಬೆರಳುಗಳು ಅವಳ ಅಂಗೈಯನ್ನು ಹಿಂಡಿದವು. ಗಾಜಿನಾಚೆ ನಿರೂಪಕ ಗಾಬರಿಯಿಂದ ಹೆಡ್‌ಫೋನ್ ಒತ್ತಿ ಹಿಡಿದ. ಅವನ ಇನ್ನೊಂದು ಕೈ ಹಾಡಿನ ಬಟನ್ನಿನ ಮೇಲೆ ಹೋಯಿತು. ಬೇಡ ಕಣೋ, ಪರದೆ ನೋಡೋ ಎಂದು ಅಕ್ಕನ ಮನಸ್ಸು ಕಿರುಚುತ್ತಿತ್ತು.

ಅವನು ನೋಡಿದ. ನಾಡಿ ಒಂದು ಸಾಲು ಬರೆದಿತ್ತು: ಯಂತ್ರಗಳೆಲ್ಲ ಸರಿಯಾಗಿವೆ, ಮೈಕಿನ ಮುಂದೆ ಸದ್ದಿಲ್ಲ.

ಅವನು ಬಟನ್ನಿನಿಂದ ಕೈ ತೆಗೆದ. ಗಾಜಿನಾಚೆಯಿಂದಲೇ ಅಪ್ಪನತ್ತ ನೋಡಿ, ನಿಧಾನ, ನಿಧಾನ ಎಂದು ಕೈಸನ್ನೆ ಮಾಡಿದ. ಇಡೀ ಸ್ಟೇಷನ್ ಸದ್ದಿಲ್ಲದೆ ಕಾಯಿತು. ಅಪ್ಪ ಕಣ್ಣುಮುಚ್ಚಿ, ಎದೆತುಂಬ ಉಸಿರೆಳೆದುಕೊಂಡರು.

“ರೈಟ್... ರೈಟ್ ರೈಟ್!”

ಗಾಜು ಅದುರುವಂಥ ಕೂಗು. ನಿರೂಪಕ ಹೆಡ್‌ಫೋನ್ ಕಿತ್ತೆಸೆದು ಬಿದ್ದು ಬಿದ್ದು ನಕ್ಕ. ಅಪ್ಪನೂ ನಗುತ್ತಲೇ, “ಬಸ್ಸು ಹೊರಟಿತು ನೋಡಿ,” ಎಂದು ಮಾತು ಮುಂದುವರಿಸಿದರು. ಅಕ್ಕ ಮಾತ್ರ ಅಪ್ಪನ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಮೈಕಿಗೆ ಕೇಳಿಸದ ಹಾಗೆ ಅಳುತ್ತಿದ್ದಳು.